ಹತ್ತದೆ ಬಿಟ್ಟ ರೈಲು

8 ಸೆಪ್ಟೆಂಬರ್ 2024

ಪ್ರಮೋದಾ,

ಕಾಗದ ನೋಡಿ ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ. ಈ ಸಲ ನಮ್ಮ ಫಿರಂಗಿ ಗನ್ನುಗಳನ್ನು ತಂದು ನಿಲ್ಲಿಸಿರುವ ಜಾಗಕ್ಕೆ ಫೋನು ತರುವಂತಿಲ್ಲ. ಜಾಗದ ಹೆಸರನ್ನೂ ಬರೆಯುವಂತಿಲ್ಲ. ಲಡಾಖ್ ಎಂದಷ್ಟೇ ತಿಳಿದುಕೋ. ವಾರಕ್ಕೊಮ್ಮೆ ರೇಷನ್ ತರುವ ಲಾರಿಯಲ್ಲೇ ಟಪಾಲೂ ಬರುತ್ತದೆ. ಕೆಳಗಿನ ಕ್ಯಾಂಪಿಗೆ ಇಳಿದರೆ ಫೋನ್ ಮಾಡಬಹುದು. ಆದರೆ ಯಾಕೋ ಬರೆಯಬೇಕು ಅನ್ನಿಸಿತು.

ಇಲ್ಲಿ ಮೋಡಗಳು ನಮಗಿಂತ ಕೆಳಗೆ ಇರುತ್ತವೆ. ಬೆಳಿಗ್ಗೆ ಎದ್ದು ನೋಡಿದರೆ ಕಣಿವೆಯೇ ಇರುವುದಿಲ್ಲ, ಬರೀ ಬಿಳಿ. ಅದರ ಮೇಲೆ ನಮ್ಮ ಆರು ಗನ್ನುಗಳು ಬಲೆ ಹೊದ್ದುಕೊಂಡು ಮೂತಿ ಎತ್ತಿ ಮಲಗಿರುತ್ತವೆ. ಎಂಟು ಗಂಟೆಗೆ ಬಿಸಿಲು ಬಂದಾಗ ಒಂದೊಂದೇ ಬೆಟ್ಟ ತೇಲುತ್ತಾ ಮೇಲೆ ಬರುತ್ತದೆ. ಆ ಹೊತ್ತಿನಲ್ಲಿ ನನಗೆ ನಿಮ್ಮ ಆವತಿಯಿಂದ ಕಾಣುವ ನಂದಿಬೆಟ್ಟ ನೆನಪಾಗುತ್ತದೆ. ಮದುವೆಯಾದ ಹೊಸದರಲ್ಲಿ ನಿಮ್ಮ ಮನೆಯ ಮಾಳಿಗೆ ಮೇಲೆ ನಿಂತು ನೋಡಿದ್ದೆವಲ್ಲ.

ವಿಷಯ ಇಷ್ಟು. ಬರುವ ಮಾರ್ಚ್ ಮೂವತ್ತೊಂದಕ್ಕೆ ನನ್ನ ಸರ್ವೀಸ್ ಇಪ್ಪತ್ತೆಂಟು ವರ್ಷ ತುಂಬುತ್ತದೆ. ಸುಬೇದಾರನಾಗಿ ರಿಟೈರ್ ಆಗಿ ಮನೆಗೆ ಬರಬಹುದು. ಆದರೆ ಮೊನ್ನೆ ಕರ್ನಲ್ ಸಾಹೇಬರು ಕರೆದು, "ಕಾಂತರಾಜು ಸಾಬ್, ಸುಬೇದಾರ್ ಮೇಜರ್ ಪಟ್ಟಿಯಲ್ಲಿ ನಿಮ್ಮ ಹೆಸರಿದೆ. ಮೆಡಿಕಲ್ ಪಾಸಾದರೆ ಇನ್ನೂ ನಾಲ್ಕು ವರ್ಷ ನಮ್ಮ ಜೊತೆ ಇರುತ್ತೀರಿ" ಎಂದರು. ಹತ್ತೊಂಬತ್ತರ ವಯಸ್ಸಿನಲ್ಲಿ ಬರಿಗಾಲಿನಲ್ಲಿ ಓಡಿ ಭರ್ತಿಯಾದವನು ನಾನು. ಹೈದರಾಬಾದಿನ ಟ್ರೈನಿಂಗ್ ಸೆಂಟರಿನಲ್ಲಿ ಶೆಲ್ಲು ಹೊತ್ತು ಹೊತ್ತು ಹೆಗಲು ಕಿತ್ತುಹೋದಾಗ ನಾಳೆಯೇ ಓಡಿಹೋಗುತ್ತೇನೆ ಅಂದುಕೊಂಡಿದ್ದವನು. ಸುಬೇದಾರ್ ಮೇಜರ್ ಎಂದರೆ ರೆಜಿಮೆಂಟಿನ ಅಷ್ಟೂ ಜವಾನರಿಗೆ ಹಿರಿಯ.

ನೀನು ಏನು ಹೇಳುತ್ತೀಯ? ಬರಲೋ, ಇರಲೋ?

ಅವ್ವನಿಗೆ ನಮಸ್ಕಾರ. ಕೀರ್ತನಳಿಗೆ ಚೆನ್ನಾಗಿ ಓದಲು ಹೇಳು.

ನಿನ್ನ
ಕಾಂತರಾಜು


2 ಅಕ್ಟೋಬರ್ 2024
ದೊಡ್ಡಬೆಳವಂಗಲ

ಕೀರ್ತನಳ ಅಪ್ಪನಿಗೆ,

ನಿಮ್ಮ ಕಾಗದ ಅಂಗನವಾಡಿಗೇ ಬಂತು. ಮಕ್ಕಳೆಲ್ಲ ಊಟ ಮಾಡಿ ಚಾಪೆಯ ಮೇಲೆ ಮಲಗಿದ ಮೇಲೆ ಓದಿದೆ. ಹದಿನೆಂಟು ಮಕ್ಕಳು ಒಟ್ಟಿಗೆ ಉಸಿರಾಡುವ ಸದ್ದಿನಲ್ಲಿ ಓದಿದ್ದಕ್ಕೋ ಏನೋ, ನಿಮ್ಮ ಮೋಡಗಳು ನಮ್ಮ ಕೋಣೆಯೊಳಗೇ ಬಂದ ಹಾಗಾಯಿತು.

ಇಲ್ಲಿ ರಾಗಿ ತೆನೆಯಾಗಿದೆ. ಮಳೆ ಪರವಾಗಿಲ್ಲ. ಅತ್ತೆಗೆ ಕಾಗದ ಓದಿ ಹೇಳಿದೆ. "ನಾಕು ವರ್ಸ ಅಂದ್ರೆ ನಾನಿರ್ತೀನೋ ಇಲ್ವೋ, ಅದ್ನೂ ಬರಿ ಅವ್ನಿಗೆ" ಎಂದರು. ಬರೆದಿದ್ದೇನೆ.

ಇನ್ನು ನನ್ನನ್ನು ಕೇಳಿದ್ದೀರಿ. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ನೀವು ನನ್ನನ್ನು ಕೇಳಿದ್ದು ಇದೇ ಮೊದಲು. ಉತ್ತರ ಹೇಳಿ ಅಭ್ಯಾಸವಿಲ್ಲ. ನೀವು ರಜೆಗೆ ಬಂದಾಗ ಮೊದಲ ಹತ್ತು ದಿನ ಮನೆಗೆ ನೆಂಟರು ಬಂದ ಹಾಗಿರುತ್ತದೆ. ನಾಲ್ಕೂವರೆಗೆ ಎದ್ದು ಕಂಬಳಿಯನ್ನು ಇಟ್ಟಿಗೆಯ ಹಾಗೆ ಮಡಿಸಿಡುತ್ತೀರಿ. ಇನ್ನೇನು ನಿಮಗೆ ಹೊಂದಿಕೊಂಡೆ ಅನ್ನುವಷ್ಟರಲ್ಲಿ ಟ್ರಂಕಿಗೆ ಬೀಗ ಹಾಕುತ್ತೀರಿ. ನಿಮ್ಮ ಜೊತೆ ಪೂರ್ತಿ ಒಂದು ವರ್ಷ ಬದುಕಿದರೆ ಹೇಗಿರುತ್ತದೆ ಎನ್ನುವುದು ನಿಜವಾಗಿ ನನಗೆ ಗೊತ್ತಿಲ್ಲ. ಇದನ್ನು ತಪ್ಪು ತಿಳಿಯಬೇಡಿ.

ಇನ್ನೊಂದು ಮಾತು. ಮೇ ತಿಂಗಳಲ್ಲಿ ನೀವು ಬಂದಿದ್ದಾಗ ನಾನು ಹಸುವಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ ಕುಕ್ಕರ್ ಕೂಗಿ ಕೂಗಿ ಅನ್ನ ಸೀದುಹೋಗಿತ್ತು. ನೀವು ಒಲೆಯ ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದಿರಿ. ಅತ್ತೆ ಏನು ಕೇಳಿದರೂ "ಹೂಂ" ಅನ್ನುತ್ತಿದ್ದಿರಿ. ಅವರು "ಊಟ ಸಾಕಾ?" ಅಂದರೂ ಹೂಂ, "ಇನ್ನೂ ಬೇಕಾ?" ಅಂದರೂ ಹೂಂ.

ನಿಮಗೆ ಕಿವಿ ಕೇಳಿಸುತ್ತಿಲ್ಲ, ಅಲ್ಲವೇ? ಅದಕ್ಕೇ ಫೋನ್ ಬಿಟ್ಟು ಕಾಗದ ಹಿಡಿದಿದ್ದೀರಿ.

ಇಂತಿ
ಪ್ರಮೋದಾ


27 ಅಕ್ಟೋಬರ್ 2024

ಪ್ರಮೋದಾ,

ಹೌದು.

ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ, ಹತ್ತಿರ ನಿಂತು ಜೋರಾಗಿ ಹೇಳಿದರೆ ತಿಳಿಯುತ್ತದೆ. ಇಲ್ಲಿ ಯಾರಿಗೂ ಹೇಳಿಲ್ಲ. ಗನ್ನಿನ ಹತ್ತಿರ ಎಲ್ಲರೂ ಕೂಗಿಯೇ ಮಾತಾಡುತ್ತಾರೆ, ಕೈಸನ್ನೆ ಮಾಡುತ್ತಾರೆ, ಹಾಗಾಗಿ ನಡೆದುಹೋಗುತ್ತದೆ. ಉಳಿದದ್ದನ್ನು ತುಟಿ ನೋಡಿ ಊಹಿಸುತ್ತೇನೆ. ಹೊಸಕೋಟೆ ಕಡೆಯ ಆದಿನಾರಾಯಣಪ್ಪ ಎಂಬುವರು ನನ್ನ ಜೊತೆ ನಾಯಬ್ ಸುಬೇದಾರರಾಗಿದ್ದಾರೆ. ಅವರಿಗೆ ಮಾತ್ರ ಅನುಮಾನ ಇದ್ದಂತಿದೆ. ಮೀಟಿಂಗಿನಲ್ಲಿ ಯಾವಾಗಲೂ ನನ್ನ ಬಲಗಡೆಗೇ ಬಂದು ಕೂರುತ್ತಾರೆ, ಏನೂ ಕೇಳುವುದಿಲ್ಲ.

ಶುರುವಾದದ್ದು ತೊಂಬತ್ತೊಂಬತ್ತರ ಯುದ್ಧದಲ್ಲಿ, ದ್ರಾಸಿನಲ್ಲಿ. ಆಗ ನಾನು ಬರೀ ಗನ್ನರ್. ಶೆಲ್ಲು ಎತ್ತಿ ಕೊಡುವುದಷ್ಟೇ ಕೆಲಸ. ರಸ್ತೆಯ ಪಕ್ಕದಲ್ಲೇ ಗನ್ನು ನಿಲ್ಲಿಸಿ ಹಗಲೂ ರಾತ್ರಿ ಹೊಡೆದೆವು. ಕಿವಿಗೆ ಹತ್ತಿ ತುರುಕಿಕೊಂಡಿದ್ದೆ. ಮೂರನೆಯ ದಿನ ಹತ್ತಿ ತೆಗೆದಾಗ ಕೆಂಪಾಗಿತ್ತು. ಒಮ್ಮೆ ಫೈರಿಂಗ್ ನಿಂತಾಗ ಪಕ್ಕದಲ್ಲೇ ಒಂದು ಸಣ್ಣ ಹಳ್ಳ ಹರಿಯುತ್ತಿರುವುದನ್ನು ಕಂಡೆ. ನೀರು ಕಲ್ಲಿಗೆ ಬಡಿದು ನೊರೆಯಾಗುತ್ತಿತ್ತು, ಸದ್ದೇ ಇರಲಿಲ್ಲ. ನನಗೆ ಹೆದರಿಕೆಯಾಗಲಿಲ್ಲ, ಪ್ರಮೋದಾ. ಎಷ್ಟು ಚೆನ್ನಾಗಿದೆ ಅನ್ನಿಸಿ ನೋಡುತ್ತಾ ನಿಂತುಬಿಟ್ಟೆ.

ಈಗ ನನಗೆ ಬೀಳುವ ಕನಸುಗಳಲ್ಲೂ ಸದ್ದಿಲ್ಲ. ಗನ್ನು ಸಿಡಿಯುತ್ತದೆ, ಹೊಗೆ ಬರುತ್ತದೆ, ಸದ್ದಿಲ್ಲ. ನೀನೂ ಬರುತ್ತೀಯ. ನಮ್ಮ ರಾಗಿ ಹೊಲದ ಬದುವಿನ ಮೇಲೆ ನಿಂತು ಏನೋ ಹೇಳುತ್ತಿರುತ್ತೀಯ. ಮೊಣಕಾಲುದ್ದ ಮಂಜಿರುತ್ತದೆ. ನಿನ್ನ ತುಟಿ ಓದಲು ಹತ್ತಿರ ಬರುತ್ತೇನೆ, ನೀನು ಮುಖ ತಿರುಗಿಸುತ್ತೀಯ. ಪ್ರತಿ ಸಲವೂ ಅಷ್ಟಕ್ಕೇ ಎಚ್ಚರವಾಗುತ್ತದೆ.

ನೀನು ಅಲ್ಲಿ ಏನು ಹೇಳುತ್ತಿರುತ್ತೀಯ?

ನಿನ್ನ
ಕಾಂತರಾಜು


18 ನವೆಂಬರ್ 2024
ದೊಡ್ಡಬೆಳವಂಗಲ

ಕೀರ್ತನಳ ಅಪ್ಪನಿಗೆ,

ನಿಮ್ಮ ಕನಸಿನಲ್ಲಿ ನಾನು ಏನು ಹೇಳುತ್ತೇನೋ ನನಗೆ ಹೇಗೆ ಗೊತ್ತಾಗಬೇಕು? ಆದರೆ ಎಚ್ಚರದಲ್ಲಿ ಕೇಳಬೇಕಾದದ್ದು ಒಂದಿದೆ. ಕಾಗದ ಮಡಿಸಿ ಎರಡು ವಾರ ಅಕ್ಕಿ ಡಬ್ಬದ ಮೇಲಿಟ್ಟಿದ್ದೆ. ಈಗ ಕೇಳುತ್ತೇನೆ.

ಎರಡು ಸಾವಿರದ ಎರಡನೆಯ ಇಸವಿ. ಶಿವರಾತ್ರಿ ಕಳೆದ ವಾರ. ನೀವು ರಾಜಸ್ಥಾನದ ಮರಳಿನಲ್ಲಿ ಗನ್ನುಗಳ ಜೊತೆ ಕಾಯುತ್ತಿದ್ದಿರಿ. ಯುದ್ಧ ಆಗಬಹುದು, ಯಾರಿಗೂ ರಜೆ ಇಲ್ಲ ಎಂದು ಬರೆದಿದ್ದಿರಿ. ನಾನು ಆವತಿಯಲ್ಲಿ ಅಮ್ಮನ ಮನೆಗೆ ಬಾಣಂತನಕ್ಕೆ ಹೋಗಿದ್ದೆ. ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಗಂಡು. ಬೆಳಿಗ್ಗೆ ಹುಟ್ಟಿದವನು ಸಂಜೆ ದೀಪ ಹಚ್ಚುವ ಹೊತ್ತಿಗೆ ಇರಲಿಲ್ಲ. ನಮ್ಮ ಅಣ್ಣ ನರೇಶ ದೇವನಹಳ್ಳಿಗೆ ಓಡಿಹೋಗಿ ನಿಮಗೆ ಟೆಲಿಗ್ರಾಂ ಕೊಟ್ಟ.

ನೀವು ಬರಲಿಲ್ಲ. ಹದಿನೈದು ದಿನಕ್ಕೆ ಒಂದು ಇನ್‌ಲ್ಯಾಂಡ್ ಕಾಗದ ಬಂತು. "ರಜೆ ಸಿಗಲಿಲ್ಲ. ಆರೋಗ್ಯ ನೋಡಿಕೋ. ರಾಗಿ ಎಷ್ಟಾಯಿತು? ಹಸುವಿಗೆ ಇಂಜೆಕ್ಷನ್ ಹಾಕಿಸಿದಿರಾ?" ಅಷ್ಟೇ. ಮಗು ಎಂಬ ಪದವೇ ಅದರಲ್ಲಿ ಇರಲಿಲ್ಲ. ನಾನು ಹಿಂದೆ ಮುಂದೆ ತಿರುಗಿಸಿ ನೋಡಿದೆ, ಅಂಟು ಹಾಕಿದ ಅಂಚನ್ನೂ ಬಿಡಿಸಿ ನೋಡಿದೆ.

ಆಮೇಲೆ ನೀವು ಬಂದಾಗಲೂ ಕೇಳಲಿಲ್ಲ. ಮೂರು ವರ್ಷಕ್ಕೆ ಕೀರ್ತನ ಹುಟ್ಟಿದಳು. ಎಲ್ಲರೂ ಅವಳನ್ನು ಚೊಚ್ಚಲು ಎಂದರು. ನೀವೂ ಸುಮ್ಮನಿದ್ದಿರಿ. ಈಗ ಅಂಗನವಾಡಿಗೆ ಯಾರಾದರೂ ಹೊಸ ಮಗುವನ್ನು ತಂದು ನನ್ನ ಕೈಗೆ ಕೊಟ್ಟಾಗ ಆ ಭಾರ ನನ್ನ ಮೊಣಕೈಗೆ ನೆನಪಾಗುತ್ತದೆ.

ಮಿಲಿಟರಿಯವರು ನಿಮ್ಮನ್ನು ಬಿಡಲಿಲ್ಲ, ಅದು ಅವರ ತಪ್ಪು. ಆ ಕೋಪವನ್ನು ಸರ್ಕಾರದ ಮೇಲೇ ಹಾಕಿಕೊಂಡು ಇಷ್ಟು ವರ್ಷ ಬದುಕಿದೆ. ಆದರೆ ಬರೆಯಲು ನಿಮ್ಮನ್ನು ಯಾರು ತಡೆದಿದ್ದರು? ಇದಕ್ಕೆ ಉತ್ತರ ಬರಲಿ. ಆಮೇಲೆ, ಬನ್ನಿ ಅಂತಲೋ ಅಲ್ಲೇ ಇರಿ ಅಂತಲೋ ಹೇಳುತ್ತೇನೆ.

ಪ್ರಮೋದಾ


12 ಜನವರಿ 2025
ದೊಡ್ಡಬೆಳವಂಗಲ

ಅಪ್ಪಾ,

ನಾನು ಕೀರ್ತನ. ಕಾಗದ ಬರೆಯುವುದು ಇದೇ ಮೊದಲು, ತಪ್ಪಿದ್ದರೆ ನಗಬೇಡಿ. ಅಮ್ಮನಿಗೆ ಗೊತ್ತಿಲ್ಲದ ಹಾಗೆ ಬರೆಯುತ್ತಿದ್ದೇನೆ.

ಅಮ್ಮ ನಿಮಗೆ ಏನು ಬರೆದಿದ್ದಾಳೋ ಗೊತ್ತಿಲ್ಲ. ಅದಾದ ಮೇಲೆ ದಿನಾ ಹನ್ನೊಂದು ಗಂಟೆಗೆ ಅಂಗನವಾಡಿ ಬಾಗಿಲಲ್ಲಿ ಬಂದು ನಿಲ್ಲುತ್ತಾಳಂತೆ. ಪೋಸ್ಟ್‌ಮ್ಯಾನ್ ನನಗೆ ಹೇಳಿದರು. ಅವರಿಗೂ ಬರಿಗೈಯಲ್ಲಿ ಆ ಕಡೆ ಬರಲು ಬೇಜಾರಾಗಿ ಈಗ ಹಿಂದಿನ ರಸ್ತೆಯಲ್ಲಿ ಹೋಗುತ್ತಿದ್ದಾರಂತೆ.

ಮೊನ್ನೆ ಟಿವಿಯಲ್ಲಿ ಲಡಾಖಿನ ಹಿಮ ತೋರಿಸಿದರು. ಅಜ್ಜಿ, "ಅಂತಾ ಕಡೆ ಪೋಸ್ಟು ಎಂಗ್ ಬತ್ತೈತೆ, ಬಿಡು" ಎಂದರು. ಅಮ್ಮ, "ರೇಷನ್ ಬತ್ತದಲ್ಲ ಅತ್ತೆ, ಅದ್ರಲ್ಲೇ ಬತ್ತೈತೆ" ಅಂದು ಒಳಗೆ ಹೋದಳು. ಸಂಕ್ರಾಂತಿಗೆ ಎಳ್ಳು ಹುರಿಯುತ್ತಾ ಪೂರ್ತಿ ಕಪ್ಪು ಮಾಡಿಬಿಟ್ಟಿದ್ದಾಳೆ.

ನನಗೆ ನಿಮ್ಮ ಬಗ್ಗೆ ಗೊತ್ತಿರುವುದು ಕಡಿಮೆ ಅಪ್ಪಾ. ಕಾಲೇಜಿನಲ್ಲಿ ಯಾರಾದರೂ ಕೇಳಿದರೆ ಆರ್ಮಿ ಅಂತೀನಿ, ಅಷ್ಟಕ್ಕೇ ಎಲ್ಲರೂ ಸುಮ್ಮನಾಗುತ್ತಾರೆ, ನಾನೂ ಸುಮ್ಮನಾಗುತ್ತೇನೆ. ಏನಾದರೂ ಬರೆಯಿರಿ. ಕೆಟ್ಟದ್ದೇ ಆದರೂ ಬರೆಯಿರಿ.

ನಿಮ್ಮ ಮಗಳು
ಕೀರ್ತನ


2 ಫೆಬ್ರವರಿ 2025

ಪ್ರಮೋದಾ,

ಹಿಮ ಬಿದ್ದು ದಾರಿ ಮುಚ್ಚಿದ್ದು ನಿಜ. ಆದರೆ ಮುಚ್ಚಿದ್ದು ಮೂರು ವಾರ ಮಾತ್ರ. ಉಳಿದ ದಿನ ನಾನೇ ಬರೆಯಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಕೊಡುವ ಮೊದಲು ನಿನಗೆ ಗೊತ್ತಿಲ್ಲದ್ದೊಂದನ್ನು ಹೇಳಬೇಕು. ಆಗ ನನಗೆ ರಜೆ ಸಿಕ್ಕಿತ್ತು.

ಟೆಲಿಗ್ರಾಂ ನನ್ನ ಕೈಗೆ ಬಂದದ್ದು ಎರಡು ದಿನ ತಡವಾಗಿ. ನಮ್ಮ ಮೇಜರ್ ಸಾಹೇಬರು ಓದಿ, ಎಲ್ಲರ ರಜೆ ರದ್ದಾಗಿದ್ದರೂ ಮೇಲಿನವರ ಹತ್ತಿರ ಮಾತಾಡಿ ಹತ್ತು ದಿನ ಬರೆಸಿಕೊಟ್ಟರು. ತಮ್ಮದೇ ಜೀಪಿನಲ್ಲಿ ಸ್ಟೇಷನ್ನಿಗೆ ಕಳಿಸಿದರು. ಮರಳಿನ ಮಧ್ಯೆ ಒಂದು ಸಣ್ಣ ಸ್ಟೇಷನ್. ಒಂದು ಬೇವಿನ ಮರ, ಒಂದು ಕಲ್ಲಿನ ಬೆಂಚು, ನೀರಿನ ಮಡಕೆ. ಸಂಜೆ ನಾಲ್ಕಕ್ಕೆ ರೈಲು ಬಂತು. ಕಾದ ಮರಳಿನ ಝಳದಲ್ಲಿ ಅದು ನೆಲ ಮುಟ್ಟದೆ ತೇಲಿ ಬರುತ್ತಿದ್ದಂತೆ ಕಾಣುತ್ತಿತ್ತು. ಎರಡು ನಿಮಿಷ ನಿಂತಿತು. ಗಾರ್ಡು ಬಾಗಿಲಿನಿಂದ ಬಗ್ಗಿ, "ಹತ್ತೋದಿಲ್ವಾ ಫೌಜಿ?" ಎಂದು ಅವನ ಭಾಷೆಯಲ್ಲಿ ಕೇಳಿದ. ನಾನು ಟ್ರಂಕಿನ ಹಿಡಿ ಹಿಡಿದುಕೊಂಡೇ ಕೂತಿದ್ದೆ. ಏಳಲಿಲ್ಲ. ರೈಲು ಹೋಯಿತು.

ಕಾಲಿಗೆ ಏನಾಗಿತ್ತೋ ಅನ್ನಬೇಡ, ಕಾಲು ಚೆನ್ನಾಗಿತ್ತು. ನಿನ್ನ ಮುಖ ನೋಡಲು ಹೆದರಿದೆ, ಅಷ್ಟೇ. ನಿನ್ನ ಎದುರಿಗೆ ನಿಂತು ಏನು ಹೇಳುವುದು? ಗನ್ನಿನ ಹತ್ತಿರ ಎಲ್ಲದಕ್ಕೂ ಹುಕುಂ ಇರುತ್ತದೆ. ಎಷ್ಟು ದೂರ, ಎಷ್ಟು ಎತ್ತರ, ಯಾವಾಗ. ಇದಕ್ಕೆ ಯಾರೂ ಹುಕುಂ ಕೊಟ್ಟಿರಲಿಲ್ಲ. ಇನ್ನೊಂದು ಮಾತು, ನಮ್ಮ ಕೆಲಸದವರನ್ನು ಬಿಟ್ಟರೆ ಬೇರೆಯವರಿಗೆ ತಿಳಿಯುವುದಿಲ್ಲ: ನಾವು ಹೊಡೆದ ಶೆಲ್ಲು ಎಲ್ಲಿ ಬಿತ್ತೆಂದು ನಾವು ನೋಡುವುದಿಲ್ಲ. ಅದು ಬೆಟ್ಟದ ಆಚೆ ಬೀಳುತ್ತದೆ. ನೋಡುವವನು ಬೇರೆ, ಮುಂದೆ ಗುಡ್ಡದ ಮೇಲೆ ಕೂತಿರುತ್ತಾನೆ. ಬಿದ್ದ ಜಾಗ ನೋಡದೆ ಬದುಕುವುದು ನನಗೆ ರೂಢಿಯಾಗಿತ್ತು. ಮನೆಯ ವಿಷಯದಲ್ಲೂ ಹಾಗೇ ಮಾಡಿಬಿಟ್ಟೆ. ಎಲ್ಲವನ್ನೂ ನೋಡುವವಳು ನೀನೊಬ್ಬಳೇ ಆದೆ.

ಮೇಜರ್ ಸಾಹೇಬರಿಗೆ ರೈಲು ತಪ್ಪಿತು ಎಂದೆ. ನಾಳೆ ಇನ್ನೊಂದಿದೆ ಎಂದರು. ಬೇಡ ಸರ್, ಎಲ್ಲ ಮುಗಿದುಹೋಗಿದೆ ಎಂದೆ. ರಜೆ ಸಿಗಲಿಲ್ಲ ಎಂದು ನಿನಗೆ ಬರೆದೆ. ಆ ಸುಳ್ಳು ಬರೆದ ಮೇಲೆ ಅದೇ ಕಾಗದದಲ್ಲಿ ಮಗುವಿನ ಮಾತು ಹೇಗೆ ಬರೆಯಲಿ? ರಾಗಿ ಎಷ್ಟಾಯಿತು ಎಂದು ಕೇಳಿದೆ.

ಗನ್ನರ್ ಆಗಿದ್ದವನು ನಾಯಕ್ ಆದೆ, ಹವಾಲ್ದಾರ್ ಆದೆ, ಒಂದು ಗನ್ನಿಗೆ ಯಜಮಾನನಾದೆ. ಪ್ರತಿ ವರ್ಷ ಸೆಂಟರಿನಿಂದ ಹೊಸ ಹುಡುಗರು ಬರುತ್ತಾರೆ. ಮೊದಮೊದಲು ಅವರು ನನ್ನ ತಮ್ಮಂದಿರ ಹಾಗಿದ್ದರು. ಮೂರು ವರ್ಷದ ಹಿಂದೆ ಬಂದವರು ನಮ್ಮ ಮಗನ ವಯಸ್ಸಿನವರು. ಆ ವರ್ಷ ನಾನು ಯಾರನ್ನೂ ಬೈಯಲಿಲ್ಲ. ಸುಬೇದಾರ್ ಸಾಹೇಬರು ಮೆತ್ತಗಾದರು ಎಂದು ಎಲ್ಲರೂ ನಕ್ಕರು.

ಮೆಡಿಕಲ್ ಮುಗಿಯಿತು. ಕಿವಿಗೆ ಯಂತ್ರ ಹಾಕಿ ಗಾಜಿನ ಕೋಣೆಯಲ್ಲಿ ಕೂರಿಸುತ್ತಾರೆ. ಸದ್ದು ಕೇಳಿಸಿದಾಗ ಗುಂಡಿ ಒತ್ತಬೇಕು. ಹಿಂದೆ ಎರಡು ಸಲ ನಾನು ಗಾಜಿನ ಆಚೆ ಇದ್ದ ಡಾಕ್ಟರ ಕೈ ನೋಡಿಕೊಂಡು ಒತ್ತಿ ಪಾಸಾಗಿದ್ದೆ. ಈ ಸಲ ಕಣ್ಣು ಮುಚ್ಚಿಕೊಂಡು ಕೂತೆ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಕಣ್ಣು ತೆರೆದಾಗ ಡಾಕ್ಟರು ಎದುರಿಗೆ ಬಂದು ನಿಂತಿದ್ದರು. ಹಾಗಾಗಿ ಸುಬೇದಾರ್ ಮೇಜರ್ ಮಾತು ಮುಗಿಯಿತು. ಮಾರ್ಚ್ ಕೊನೆಗೆ ಹೈದರಾಬಾದಿಗೆ ಹೋಗಿ ಕಾಗದಪತ್ರ ಮುಗಿಸಿದರೆ ನಾನು ಬರೀ ಕಾಂತರಾಜು.

ಆದಿನಾರಾಯಣಪ್ಪನವರ ಪರಿಚಯದವರು ಪಿಲ್ಲಗುಂಪೆಯ ಒಂದು ಫ್ಯಾಕ್ಟರಿಯಲ್ಲಿ ಸೆಕ್ಯೂರಿಟಿ ಕೆಲಸ ಕೊಡುತ್ತಾರಂತೆ. ಇರಲು ರೂಮೂ ಇದೆಯಂತೆ. ನೀನು ಬರಬೇಡ ಎಂದರೆ ಅಲ್ಲಿರುತ್ತೇನೆ. ಯಾಕೆ ಎಂದು ಕೇಳುವುದಿಲ್ಲ.

ಕೀರ್ತನಳ ಕಾಗದ ಬಂತು. ಅವಳನ್ನು ಬೈಯಬೇಡ.

ಕಾಂತರಾಜು


3 ಮಾರ್ಚ್ 2025
ಆವತಿ

ಕೀರ್ತನಳ ಅಪ್ಪನಿಗೆ,

ನಿಮ್ಮ ಕಾಗದ ಓದಿದ ದಿನ ನಾನು ಊಟ ಮಾಡಲಿಲ್ಲ. ಎರಡನೆಯ ದಿನ ಮಾಡಿದೆ. ಮೂರನೆಯ ದಿನ ಕೆಲಸಕ್ಕೆ ರಜೆ ಹಾಕಿ ಇಲ್ಲಿಗೆ ಬಂದೆ. ಈಗ ಅಣ್ಣನ ಮನೆಯ ಮಾಳಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ.

ಒಂದು ಸುಳ್ಳನ್ನು ನಂಬಿ ಇಪ್ಪತ್ಮೂರು ವರ್ಷ ಸರ್ಕಾರವನ್ನು ಬೈದೆನಲ್ಲ, ಆ ಬೈಗುಳವನ್ನೆಲ್ಲ ವಾಪಸು ತಂದು ನಿಮ್ಮ ಮೇಲೆ ಸುರಿಯಬೇಕು ಅನ್ನಿಸಿತು. ಅವತ್ತು ನೀವು ಬಂದಿದ್ದರೆ ನಿಮ್ಮ ಮೇಲೆ ಕೂಗಾಡಿ, ಅಂಗಿ ಹಿಡಿದು ಎಳೆದಾಡಿ, ಅತ್ತು ಮುಗಿಸುತ್ತಿದ್ದೆ. ಬೇರೆ ಏನೂ ಹೇಳಬೇಕಿರಲಿಲ್ಲ ನೀವು. ಬಂದು ನಿಂತಿದ್ದರೆ ಸಾಕಿತ್ತು. ಈಗ ಕೂಗಾಡೋಣವೆಂದರೆ ನಿಮಗೆ ಕೇಳಿಸುವುದಿಲ್ಲ.

ಅತ್ತೆಗೂ ಕೀರ್ತನಳಿಗೂ ಎಲ್ಲ ಹೇಳಿದೆ. ಕೀರ್ತನ, "ಹಂಗಾದ್ರೆ ನಂಗೊಬ್ಬ ಅಣ್ಣ ಇದ್ದ" ಎಂದಳು. ಅತ್ತೆ, "ನಾನೆತ್ತ ಮಗ ಇಂತಾ ಎದ್ರುಪುಕ್ಲ ಅಂತ ಗೊತ್ತಿರ್ಲಿಲ್ಲ ಕಣವ್ವ" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಇವತ್ತು ಬೆಳಿಗ್ಗೆ ಅವನನ್ನು ಮಲಗಿಸಿದ ಜಾಗಕ್ಕೆ ಹೋಗಿದ್ದೆ. ಕೆರೆ ಏರಿಯ ಕೆಳಗೆ, ನಮ್ಮ ಹೊಲದ ಮೂಲೆ, ಹೊಂಗೆ ಮರದಡಿ. ಸುತ್ತಲ ಜಮೀನುಗಳಿಗೆಲ್ಲ ಕಾಂಪೌಂಡು ಬಂದಿದೆ, ಅಣ್ಣ ಆ ಮೂಲೆಯನ್ನು ಮಾರಿಲ್ಲ. ನಾನು ಹೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಮಂಜು ಮುಸುಕಿ ಬೆಟ್ಟ ಕಾಣುತ್ತಿರಲಿಲ್ಲ. ವಿಮಾನಗಳ ಸದ್ದು ಮಾತ್ರ ಬರುತ್ತಿತ್ತು. ಅಲ್ಲಿ ಕೂತಾಗ ತಿಳಿಯಿತು, ಇಷ್ಟು ವರ್ಷ ಇಲ್ಲಿಗೆ ನಾನೂ ಬಂದಿರಲಿಲ್ಲ. ತೌರಿಗೆ ಬಂದರೂ ಈ ಕಡೆಗೆ ತಿರುಗದೆ ಹೋಗುತ್ತಿದ್ದೆ. ರೈಲು ಹತ್ತದೆ ಕೂತವರು ನೀವೊಬ್ಬರೇ ಅಲ್ಲ.

ಪಿಲ್ಲಗುಂಪೆಯ ಮಾತು ಆಮೇಲೆ. ನೀವು ಹೈದರಾಬಾದಿನಿಂದ ಬಂದು ಯಲಹಂಕದಲ್ಲಿ ಇಳಿಯಿರಿ. ದೊಡ್ಡಬೆಳವಂಗಲಕ್ಕೆ ಹೋಗಬೇಡಿ. ದೇವನಹಳ್ಳಿ ಬಸ್ಸು ಹತ್ತಿ ನೇರ ಆವತಿಗೆ ಬನ್ನಿ. ಏಪ್ರಿಲ್ ಐದನೆಯ ತಾರೀಖು ನಾನು ಇಲ್ಲಿರುತ್ತೇನೆ. ಅಲ್ಲಿಂದ ಮುಂದೆ ಎಲ್ಲಿಗೆ ಎನ್ನುವುದನ್ನು ಆಗ ನೋಡೋಣ.

ಪ್ರಮೋದಾ


29 ಏಪ್ರಿಲ್ 2025
ದೊಡ್ಡಬೆಳವಂಗಲ

ನಮ್ಮ ಮಕ್ಕಳ ಅಪ್ಪನಿಗೆ,

ಬೆಂಗಳೂರಿನ ಮಿಲಿಟರಿ ಆಸ್ಪತ್ರೆಗೆ ಇಲ್ಲಿಂದ ಎರಡು ಗಂಟೆಯ ದಾರಿ. ಅದಕ್ಕೂ ಕಾಗದ ಬರೆಯುತ್ತಿದ್ದೇನೆಂದು ಕೀರ್ತನ ನಗುತ್ತಿದ್ದಾಳೆ. ಕಿವಿಗೆ ಯಂತ್ರ ಕೊಡುವುದು ಶುಕ್ರವಾರವೇ ತಾನೆ? ಶನಿವಾರ ಅವಳೇ ಬಂದು ಕರೆದುಕೊಂಡು ಬರುತ್ತಾಳೆ.

ಹೊರಡುವಾಗ ನೀವು ಕೇಳಿದಿರಿ: "ಅವತ್ತು ಆವತೀಲಿ ಯಾರ್ಯಾರು ಏನೇನಂದ್ರು? ನಂಗೆ ಒಂದೂ ಸರಿಯಾಗಿ ಕೇಳಿಸ್ಲಿಲ್ಲ." ಅದಕ್ಕೇ ಬರೆಯುತ್ತೇನೆ.

ನೀವು ಬಸ್ಸಿಳಿದು ಟ್ರಂಕು ಹೊತ್ತು ಬರುತ್ತಿದ್ದಾಗ ಏರಿಯ ಮೇಲೆ ಮೇಕೆ ಮೇಯಿಸುತ್ತಿದ್ದ ಮುದುಕಿ ಮುನಿಗಂಗಮ್ಮ. ಆ ದಿನ ಮಗುವಿಗೆ ಕೊನೆಯ ನೀರು ಹಾಕಿ ಬಟ್ಟೆ ಸುತ್ತಿಕೊಟ್ಟವರು ಅವರೇ. ನಿಮ್ಮನ್ನು ನೋಡಿ, "ಇವತ್ತಿಗೆ ಬಂದ್ಯಾ ತಂದೆ?" ಎಂದರು. ನೀವು ಏನೆಂದು ತಿಳಿದಿರೋ, "ಚೆನ್ನಾಗಿದೀನಮ್ಮಾ, ನೀವು?" ಎಂದಿರಿ. ಅವರು ಕಣ್ಣೊರೆಸಿಕೊಂಡು, "ಚೆನ್ನಾಗಿರಪ್ಪಾ" ಎಂದರು. ಅಣ್ಣ ನರೇಶ ಟ್ರಂಕು ತೆಗೆದುಕೊಳ್ಳುತ್ತಾ, "ಭಾವ, ಆ ಮೂಲೆ ಹಂಗೇ ಇಟ್ಟಿದೀನಿ" ಎಂದ. ನಿಮಗೆ ಅದೂ ಕೇಳಿಸಲಿಲ್ಲ.

ಮರದ ಹತ್ತಿರ ನಾವಿಬ್ಬರೇ ಹೋದೆವು. ನೀವು ಬೂಟು ಬಿಚ್ಚಿ ನಿಂತಿರಿ. ನಾನು ಏನೇನೋ ಸಿದ್ಧಮಾಡಿಕೊಂಡು ಬಂದಿದ್ದೆ, ಎಲ್ಲ ಮರೆತುಹೋಯಿತು. ಆಗ ನೀವು ಇದ್ದಕ್ಕಿದ್ದಂತೆ, "ತಲೆ ಯಾವ ಕಡೆ?" ಎಂದು ಕೇಳಿದಿರಿ. ಎಷ್ಟು ಜೋರಾಗಿ ಕೇಳಿದಿರಿ ಗೊತ್ತೇ? ಮೇಕೆಗಳೆಲ್ಲ ತಲೆ ಎತ್ತಿದವು. "ದಕ್ಷಿಣಕ್ಕೆ" ಎಂದೆ. ನೀವು ಕಿವಿ ಮುಂದೆ ತಂದಿರಿ. "ದಕ್ಷಿಣಕ್ಕೆ!" ಎಂದು ಕೂಗಿದೆ. "ಕಪ್ಪಗಿದ್ನಾ, ಕೆಂಪಗಿದ್ನಾ?" "ನಿಮ್ಮಂಗೆ ಕಪ್ಪು!" "ಕೂದ್ಲಿತ್ತಾ?" "ತಲೆ ತುಂಬ ಇತ್ತು!" ಒಬ್ಬರಿಗೊಬ್ಬರು ಪಿಸುಮಾತಿನಲ್ಲೂ ಆಡದೆ ಇಟ್ಟುಕೊಂಡದ್ದನ್ನು ಬಟ್ಟಬಯಲಲ್ಲಿ ನಿಂತು ಹಾಗೆ ಕೂಗಿ ಕೂಗಿ ಆಡಿದೆವು. ರಸ್ತೆಯಲ್ಲಿ ಹೋಗುತ್ತಿದ್ದವರು ಸ್ಕೂಟರ್ ನಿಲ್ಲಿಸಿ ನೋಡಿದರು. ಗಂಡ ಹೆಂಡತಿ ಜಗಳವಾಡುತ್ತಿದ್ದಾರೆ ಅಂದುಕೊಂಡಿರಬೇಕು. ಅವರಲ್ಲೊಬ್ಬರು, "ಬಿಡ್ರೀ, ಮನೇಲಿ ನೋಡ್ಕೊಳಿ" ಎಂದರು. ಇದೂ ನಿಮಗೆ ಕೇಳಿಸಿರಲಾರದು.

ಕೊನೆಗೆ, "ಅತ್ತಿದ್ನಾ?" ಎಂದಿರಿ. "ಒಂದೇ ಸಲ ಅತ್ತ!" ಎಂದೆ. "ಹೆಂಗೆ?" ಎಂದಿರಿ. ಅದನ್ನು ಕೂಗಿ ಹೇಳುವುದು ಹೇಗೆ? ನಿಮ್ಮ ಬಲಗಿವಿಯ ಹತ್ತಿರ ಬಂದು ಅತ್ತು ತೋರಿಸಿದೆ. ಮೊದಲು ಅವನ ಹಾಗೆ. ಆಮೇಲೆ ನನ್ನ ಹಾಗೆ. ಅದು ನಿಮಗೆ ಕೇಳಿಸಿತು ಎಂದು ನಿಮ್ಮ ಮುಖ ನೋಡಿಯೇ ತಿಳಿಯಿತು. ಅದನ್ನು ಬರೆಯಬೇಕಿಲ್ಲ.

ಇನ್ನೊಂದು ಮಾತು ಮಾತ್ರ ನೀವು ತಪ್ಪಿಸಿಕೊಂಡಿದ್ದೀರಿ. ಸಂಜೆ ದೊಡ್ಡಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರ್ ಬಂದು, "ಎಲ್ಲಿಗಮ್ಮಾ?" ಎಂದ. ನೀವು ಟ್ರಂಕಿನ ಮೇಲೆ ಕೈಯಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದಿರಿ. ನಾನು ನನ್ನ ಆಧಾರ್ ತೋರಿಸಿ, ನಿಮ್ಮ ಟಿಕೆಟ್ಟಿಗೆ ನೋಟು ಕೊಟ್ಟು ಹೇಳಿದೆ. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. ಕಂಡಕ್ಟರನೇ ಎರಡು ಸಲ ಕೇಳಿಸಿಕೊಳ್ಳಬೇಕಾಯಿತು.

"ಇಬ್ರೂ ಮನೆಗೆ" ಎಂದಿದ್ದೆ. ಆಮೇಲೆ ಊರಿನ ಹೆಸರು ಹೇಳಿದೆ.

ಪ್ರಮೋದಾ